ಹಳೇ ಮನೆಯ ಮಾಡು: ತಾರಸಿ ಸೋರಿದರೆ, ಹೆಂಚು ಇಸವಿ ಹೇಳಿದರೆ

ಪ್ರಶ್ನೆ: ನೂರೈವತ್ತು ವರ್ಷ ಹಳೆಯದೆನ್ನುವ ನಮ್ಮ ಮನೆಯ ನಡುಮನೆಗೆ ಮದ್ರಾಸ್ ತಾರಸಿ ಇದೆ. ಮಳೆಗಾಲದಲ್ಲಿ ಸೋರುತ್ತದೆ. ಮೇಲೆ ಎರಡಿಂಚು ಸಿಮೆಂಟ್ ಹಾಕಿದರೆ ಸಾಕು ಎನ್ನುತ್ತಾರೆ ಮೇಸ್ತ್ರಿ. ಹಾಕಿಸಬಹುದೇ?

ಉತ್ತರ: ಬೇಡ. ಎರಡಿಂಚು ಸಿಮೆಂಟ್ ಗಾರೆಯೆಂದರೆ ಚದರ ಮೀಟರಿಗೆ ಸುಮಾರು 100 ಕೆಜಿ ಹೊರೆ. ಹೊರಬೇಕಾದವು ತಾರಸಿಯ ಕೆಳಗಿನ ಹಳೇ ಮರದ ಜಂತೆಗಳೇ. ಬಿಸಿಲಿಗೆ ಮರ, ಸುಣ್ಣ ಒಂದಿಷ್ಟು ಕದಲುತ್ತವೆ. ಸಿಮೆಂಟ್ ಜೊತೆಗೆ ಕದಲದೆ ಬಿರಿಯುತ್ತದೆ. ಬಿರುಕಿನಲ್ಲಿ ಇಳಿದ ನೀರು ಮೇಲಕ್ಕೆ ಆರಲಾಗದೆ ಜಂತೆಗೆ ಸೇರುತ್ತದೆ. ಸೋರಿಕೆ ಎರಡು ಮಳೆಗಾಲ ಕಾಣಿಸದಿರಬಹುದು, ಅಷ್ಟರಲ್ಲಿ ಮರ ಕೊಳೆತಿರುತ್ತದೆ.

ಈ ತಾರಸಿಯಲ್ಲಿ ಜಂತೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ ಸುಣ್ಣದ ಗಾರೆಯಲ್ಲಿ ಜೋಡಿಸಿರುತ್ತಾರೆ. ಅದರ ಮೇಲೆ ಮೂರ್ನಾಲ್ಕು ಇಂಚು ಇಟ್ಟಿಗೆ ಜೆಲ್ಲಿ, ಸುಣ್ಣದ ಕಾಂಕ್ರೀಟು. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತ ಮರದ ಕೊಡತಿಯಿಂದ ದಿನಗಟ್ಟಲೆ ಬಡಿದದ್ದು. ಎಲ್ಲಕ್ಕೂ ಮೇಲೆ ಚಪ್ಪಟೆ ಹೆಂಚು. ಸೋರಿಕೆ ಬಹುಪಾಲು ಹೆಂಚಿನ ಸಂದುಗಳಿಂದ, ಇಲ್ಲವೇ ತಾರಸಿ ಅಂಚಿನ ಮೋಟುಗೋಡೆಗೆ ಕೂಡುವ ಮೂಲೆಯಿಂದ.

ಮೊದಲು ನೀರು ಹೋಗುವ ಕೊಳವೆಯ ಕಸ ತೆಗೆಸಿ. ಎಷ್ಟೋ ಮನೆಗಳಲ್ಲಿ ರೋಗ ಇಷ್ಟೇ. ಆಮೇಲೆ ಒಳಗಿನಿಂದ ಜಂತೆಗಳು ಗೋಡೆಗೆ ಹೊಕ್ಕ ತುದಿಗಳನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಸಲೀಸಾಗಿ ಇಳಿದರೆ ಕೊಳೆತಿದೆ. ಅಲ್ಲಿ ಊರೆಗಂಬ ಕೊಡದೆ ಮೇಲೆ ಯಾರೂ ಹತ್ತಬಾರದು. ಜಂತೆ ಗಟ್ಟಿಯಿದ್ದರೆ ಸಂದುಗಳನ್ನು ಅರ್ಧ ಇಂಚು ಕೆರೆದು, ನೀರುಣಿಸಿ, ಅರಳಿಸಿ ಸೋಸಿದ ಸುಣ್ಣ 1, ಸುರ್ಕಿ (ಇಟ್ಟಿಗೆ ಪುಡಿ) 1, ಮರಳು 1 ಪಾಲಿನ ಗಾರೆ ತುಂಬಿ. ಒದ್ದೆ ಗೋಣಿಚೀಲ ಹೊದಿಸಿ ಒಂದು ವಾರವಾದರೂ ತೇವ ಕಾಯಬೇಕು. ಬೇಗ ಒಣಗಿದರೆ ಪುಡಿಯಾಗುತ್ತದೆ. ಬಡಿದರೆ ಟೊಳ್ಳು ಸದ್ದು ಕೊಡುವ ಜಾಗವನ್ನು ಮಾತ್ರ ಕಿತ್ತು, ಜೆಲ್ಲಿ 2, ಸುಣ್ಣದ ಗಾರೆ 1 ಪಾಲು ಹಾಕಿ, ಕೊಡತಿ ಪುಟಿಯುವವರೆಗೆ ಬಡಿಸಿ. ಸುಣ್ಣ ನಿಧಾನಕ್ಕೆ ಗಟ್ಟಿಯಾಗುವುದರಿಂದ ಫೆಬ್ರುವರಿ, ಮಾರ್ಚಿನಲ್ಲೇ ಕೆಲಸ ಮುಗಿಯಲಿ.

ಪ್ರಶ್ನೆ: ನಮ್ಮ ಮಾಡಿನ ಮಂಗಳೂರು ಹೆಂಚಿನ ಮೇಲೆ 1865 ಎಂದಿದೆ. ಮನೆ ಆ ವರ್ಷದ್ದೇ?

ಉತ್ತರ: ಹಾಗೆನ್ನಲಾಗದು. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ವರ್ಷ 1865. ಹೆಂಚು ಸುಟ್ಟ ವರ್ಷವೆಂದು ಅದನ್ನು ಓದಬೇಡಿ. ಮಿಷನ್ನಿನ ಕಾರ್ಖಾನೆಗಳನ್ನು ಆಮೇಲೆ ವಹಿಸಿಕೊಂಡ ಕಾಮನ್‌ವೆಲ್ತ್ ಟ್ರಸ್ಟಿನ ಮುದ್ರೆಯಿದ್ದರೆ ಆ ಹೆಂಚು ಮೊದಲ ಮಹಾಯುದ್ಧದ ನಂತರದ್ದು. ಅಲ್ಲದೆ ಹುಲ್ಲಿನ ಮಾಡು ತೆಗೆದು ಹೆಂಚು ಹೊದಿಸಿದ ಮನೆಗಳೂ ಇವೆ. ಹಳೇ ಪಾಲುಪತ್ರ, ಕ್ರಯಪತ್ರಗಳ ಚಕ್ಕುಬಂದಿ ಓದಿ: ಹುಲ್ಲಿನ ಮನೆಯೋ ಹೆಂಚಿನ ಮನೆಯೋ ಎಂದು ಬರೆದಿದ್ದರೆ, ಪತ್ರದ ತಾರೀಖು ಹೆಂಚಿಗಿಂತ ನಂಬಿಕಸ್ತ ಸಾಕ್ಷಿ.