ಕ್ಯೋಟೋದಲ್ಲಿ ಒಂದೇ ದಿನಕ್ಕೆ ಕಿಮೋನೊ, ಟೀ ಸೆರೆಮನಿ, ರ್ಯೋಕಾನ್ ಎಲ್ಲ ಆಗುತ್ತಾ? ನಾವು ಸಸ್ಯಾಹಾರಿಗಳು

ನಿಮ್ಮ ಪಟ್ಟಿ ಓದಿ ನನ್ನ ಹಳೇ ಪಟ್ಟಿ ನೆನಪಾಯ್ತು. ಹಗಲೆಲ್ಲ ಸುತ್ತಾಟ, ರಾತ್ರಿ ಮಲಗೋಕೆ ಒಂದು ರ್ಯೋಕಾನ್, ಅಂದ್ರೆ ಜಪಾನಿನ ಸಾಂಪ್ರದಾಯಿಕ ವಸತಿಗೃಹ. ಅಮ್ಮನನ್ನು ಕರೆದುಕೊಂಡು ಟೋಕಿಯೊ ಹತ್ತಿರದ ಬೆಟ್ಟದೂರು ಹಕೋನೆಗೆ ಹೋಗಿದ್ದೆ. ಓವಾಕುದಾನಿಯಲ್ಲಿ ಗಂಧಕದ ಹೊಗೆ ನೋಡಿ, ಆಶಿ ಸರೋವರದಲ್ಲಿ ಹಡಗು ಹತ್ತಿ, ಫ್ಯೂಜಿ ಮೋಡದಿಂದ ಹೊರಗೆ ಬರಲಿ ಅಂತ ಕಾದು ಕಾದು, ಆಮೇಲೆ ಬೇರೆ ಯಾವುದೋ ಬಸ್ ಹತ್ತಿ, ಕೊನೆಗೆ ರ್ಯೋಕಾನ್ ಬಾಗಿಲಿಗೆ ಬಂದಾಗ ರಾತ್ರಿ 8:20.

ಬುಕ್ ಮಾಡುವಾಗ ಎಷ್ಟು ಗಂಟೆಗೆ ಬರ್ತೀರಿ ಅಂತ ಕೇಳಿದ್ದರು. ನಾನು ಸುಮ್ನೆ 4 ಅಂತ ಒತ್ತಿದ್ದೆ. ಹೋಟೆಲಿನಲ್ಲಾದರೆ ಅದನ್ನು ಯಾರೂ ಲೆಕ್ಕಕ್ಕೆ ಇಡಲ್ಲ. ರ್ಯೋಕಾನ್‌ನಲ್ಲಿ ಇಡೀ ಸಂಜೆಯ ಲೆಕ್ಕ ಅಲ್ಲಿಂದಲೇ ಶುರು. ಬಂದ ಕೂಡಲೇ ಚಹಾ, ಒಂದು ಸಿಹಿ. ಯುಕಾತಾ ಅನ್ನೋ ಹತ್ತಿ ನಿಲುವಂಗಿ ಉಟ್ಟು ಹೋಗಿ, ಬಿಸಿನೀರ ಬುಗ್ಗೆಯಲ್ಲಿ ಸ್ನಾನ. 6ರ ಹೊತ್ತಿಗೆ ಕೈಸೆಕಿ ಊಟ, ಸಣ್ಣ ಸಣ್ಣ ಬಟ್ಟಲು ಒಂದಾದ ಮೇಲೊಂದು. ನಿಮ್ಮ ಬಟ್ಟಲು ಖಾಲಿಯಾಗೋದು ನೋಡಿಕೊಂಡೇ ಮುಂದಿನದನ್ನು ತರ್ತಾರೆ. ಊಟ ಮುಗಿಯುವಷ್ಟರಲ್ಲಿ ಹಾಸಿಗೆ ಹಾಸಿರ್ತಾರೆ. ತಲೆಗಿಷ್ಟು ಅಂತ ತಗೊಳ್ಳೋ ದುಡ್ಡು ಇದಕ್ಕೆಲ್ಲ ಸೇರಿ.

ತಡ ಆಗುತ್ತೆ ಅಂತ ನನಗೆ 4 ಗಂಟೆಗೇ ಗೊತ್ತಿತ್ತು. ಫೋನ್ ಕೈಯಲ್ಲೇ ಇತ್ತು. ಭಾಷೆ ಬರಲ್ಲ ಅಂತ ಅಳುಕಿ ಮಾಡಲಿಲ್ಲ. ಐದು ಗಂಟೆಗೂ ಮಾಡಲಿಲ್ಲ. ಆರಕ್ಕೆ, ಇನ್ನೇನು ತಲುಪ್ತೀವಲ್ಲ ಅಂದುಕೊಂಡೆ. ಅದೊಂದು ಫೋನ್ ಮಾಡಿದ್ದರೆ ಸಾಕಿತ್ತು, ಇವತ್ತಿಗೂ ಅದೇ ಕೊರೆಯುತ್ತೆ.

ಯಾಕೆ ಅಂದ್ರೆ ನಾವೂ ಸಸ್ಯಾಹಾರಿಗಳು. ಮೀನಿನ ದಾಶಿ ಕೂಡ ಬೇಡ ಅಂತ ಮೂರು ವಾರ ಮೊದಲೇ ಬರೆದಿದ್ದೆ. ದಾಶಿ ಅಂದ್ರೆ ಅಲ್ಲಿನ ಬಹುತೇಕ ಅಡುಗೆಗೆ ಬಳಸೋ ಕಟ್ಟು, ಸಾಮಾನ್ಯವಾಗಿ ಒಣಮೀನು ಹೆರೆದು ಮಾಡ್ತಾರೆ.

ಮನೆಯೊಡತಿ, ಓಕಾಮಿ ಅಂತಾರೆ, ಬಾಗಿಲಲ್ಲೇ ಇದ್ದರು. ಒಂದು ಗದರಿಕೆ ಇಲ್ಲ. ಅಡುಗೆಮನೆ ಮುಚ್ಚಿದೆ ಅಂತ ಅವರೇ ನಮ್ಮ ಹತ್ರ ಕ್ಷಮೆ ಕೇಳಿದರು. ಉಮೆಬೊಶಿ ಉಪ್ಪಿನಕಾಯಿ ಇಟ್ಟ ಅನ್ನದುಂಡೆ ತಂದುಕೊಟ್ಟರು. ರೂಮಿನಲ್ಲಿ ಆ ರಾತ್ರಿಯ ಊಟದ ಪಟ್ಟಿ ಇತ್ತು. ಫೋನ್ ಹಿಡಿದು ಅನುವಾದ ಮಾಡಿ ನೋಡಿದೆ. ಕೊಂಬು ಕಡಲಕಳೆ, ಶಿಟಾಕೆ ಅಣಬೆಯ ಕಟ್ಟಿನಲ್ಲಿ ಮಾಡಿದ ಅಡುಗೆ. ನಮ್ಮಿಬ್ಬರಿಗೋಸ್ಕರವೇ ಮಾಡಿದ್ದು. ಅಮ್ಮ ಕೇಳಿದ್ದು ಒಂದೇ ಮಾತು, "ಊಟಕ್ಕೆ ಕರೆದವರನ್ನ ಹೀಗಾ ಕಾಯಿಸೋದು?"

ಹಾಗಾಗಿ ಒಂದೇ ದಿನಕ್ಕೆ ಎಲ್ಲ ಆಗುತ್ತಾ ಅನ್ನೋ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಬಾಡಿಗೆ ಕಿಮೋನೊ, ಮುಕ್ಕಾಲು ಗಂಟೆಯ ಟೀ ಸೆರೆಮನಿ ಎರಡನ್ನೂ ಪಟ್ಟಿಯಿಂದ ತೆಗೆದುಬಿಡಿ. ಒಂದು ಕಡೆ ಮಧ್ಯಾಹ್ನ 3ಕ್ಕೆ ಹೋಗಿ ಕೂತುಕೊಳ್ಳಿ. ಸಸ್ಯಾಹಾರಿಗಳಾದ್ದರಿಂದ ನಾನು ಹೇಳೋದು ಕೋಯಾಸಾನ್ ಬೆಟ್ಟ. ಒಸಾಕಾದ ನಂಬಾದಿಂದ ರೈಲು, ಕೊನೆಗೆ ಕೇಬಲ್ ಕಾರ್. 9ನೇ ಶತಮಾನದಲ್ಲಿ ಕೂಕಾಯ್ ಅನ್ನೋ ಬೌದ್ಧ ಸನ್ಯಾಸಿ ಶುರು ಮಾಡಿದ ಜಾಗ. ಸುಮಾರು 50 ಮಠಗಳಲ್ಲಿ ಉಳಿಯೋಕೆ ಅವಕಾಶ ಇದೆ. ಊಟ ಶೋಜಿನ್ ರ್ಯೋರಿ, ಅಂದ್ರೆ ಮಠದ ಸಸ್ಯಾಹಾರಿ ಅಡುಗೆ, ಮೀನು ಮಾಂಸ ಮಾತ್ರ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಎಳ್ಳಿನ ತೋಫು ಬಿಡಬೇಡಿ.

ಎರಡು ವರ್ಷದ ಮೇಲೆ ನಾವು ಅಲ್ಲಿಗೆ ಹೋದ್ವಿ. 3:10ಕ್ಕೇ ಬಾಗಿಲಲ್ಲಿದ್ವಿ. ಬೆಳಗ್ಗೆ ಗೋಮಾ ನಡೀತು, ಬೆಂಕಿಗೆ ಕಡ್ಡಿ ಹಾಕಿ ಮಂತ್ರ ಹೇಳ್ತಾರೆ. ಅದು ನಮ್ಮ ಹೋಮವೇ, ಹೆಸರು ಕೂಡ ಅದೇ ಸಂಸ್ಕೃತ ಪದದಿಂದ ಹೋದದ್ದು. ಮಂಡಿನೋವಿನ ಅಮ್ಮನಿಗೆ ನಾವು ಕೇಳೋ ಮೊದಲೇ ಒಂದು ಪುಟ್ಟ ಸ್ಟೂಲ್ ಬಂತು. ಅವರು ಕೊನೇತನಕ ಕೈಮುಗಿದುಕೊಂಡೇ ಕೂತಿದ್ದರು.

ರ್ಯೋಕಾನೇ ಬೇಕು ಅಂದ್ರೆ ದಾಶಿ ವಿಷಯ ಬುಕ್ ಮಾಡುವಾಗಲೇ ಬರೆಯಿರಿ, ಹೋದ ಮೇಲೆ ಹೇಳಿದರೆ ಅವರಿಗೆ ಏನೂ ಮಾಡೋಕೆ ಆಗಲ್ಲ. ಬರೋ ಸಮಯ ನಿಜ ಹಾಕಿ. ತಡವಾದರೆ ಫೋನ್ ಮಾಡಿ, ಬರದ ಭಾಷೆಯಲ್ಲೇ.