ಕಡೆಗಣ್ಣಿಗೆ ಸಿಗುವ ಸುರುಳಿ

ಪ್ರಶ್ನೆ: ಮೇಷ್ಟ್ರೇ, ಹೊಸದಾಗಿ 8 ಇಂಚಿನ ಡಾಬ್ಸೋನಿಯನ್ ದೂರದರ್ಶಕ ತಗೊಂಡೆ. ಎಂ101 ಗ್ಯಾಲಕ್ಸಿ ಹುಡುಕಿದರೆ ಏನೂ ಕಾಣಲಿಲ್ಲ. ಫೋಟೋದಲ್ಲಿ ಸುರುಳಿ ಎಷ್ಟು ಚೆನ್ನಾಗಿದೆ! ಅದರ ಹಿಂದೆ ಬೇರೆ ಗ್ಯಾಲಕ್ಸಿಗಳೂ ಇವೆಯಂತೆ. ಅವೂ ಕಾಣುತ್ತವಾ?
– ಓದುಗರೊಬ್ಬರು, ಗುಡಿಬಂಡೆ

ಉತ್ತರ: ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ, ದೂರದರ್ಶಕ ಸರಿಯಾಗೇ ಇದೆ. ಎಂ101ರ ಹೊಳಪಿನ ಅಂಕ 7.9 (ಅಂಕ ಕಡಿಮೆಯಾದಷ್ಟೂ ಹೊಳಪು ಜಾಸ್ತಿ) ಅಂತ ಓದಿ ಸುಲಭ ಅಂದುಕೊಂಡಿರುತ್ತೀರಿ, ಅಲ್ವಾ? ಆದರೆ ಆ ಬೆಳಕೆಲ್ಲ ಹೆಚ್ಚುಕಡಿಮೆ ಹುಣ್ಣಿಮೆ ಚಂದ್ರನಷ್ಟು ಜಾಗಕ್ಕೆ ಹರಡಿದೆ. ಒಂದು ಹಿಡಿ ರಾಗಿಹಿಟ್ಟನ್ನು ಕಣದ ತುಂಬ ಉದುರಿಸಿದ ಹಾಗೆ. ನಮಗೆ ಮುಖ ಮಾಡಿ ನಿಂತಿರುವ ಗ್ಯಾಲಕ್ಸಿಗಳದ್ದು ಇದೇ ಗೋಳು. ಅಂಚು ತೋರಿಸಿ ನಿಂತಿದ್ದರೆ ಬೇಗ ಕಣ್ಣಿಗೆ ಬೀಳುತ್ತಿತ್ತು, ಸುರುಳಿ ಮಾತ್ರ ಸಿಗುತ್ತಿರಲಿಲ್ಲ.

ಮೇ ನಡುವಿನಲ್ಲಿ, ಚಂದ್ರನಿಲ್ಲದ ರಾತ್ರಿ 11ರ ಹೊತ್ತಿಗೆ ಉತ್ತರಕ್ಕೆ ತಿರುಗಿ. ಸಪ್ತರ್ಷಿ ಮಂಡಲದಲ್ಲಿ ಅರುಂಧತಿಯ ಪಕ್ಕದ ವಸಿಷ್ಠ, ಬಾಲದ ತುದಿಯ ಮರೀಚಿ, ಇವೆರಡನ್ನು ಹಿಡಿದು ಧ್ರುವದ ಕಡೆಗೆ ಒಂದು ಸಮತ್ರಿಕೋನ ಕಲ್ಪಿಸಿಕೊಳ್ಳಿ. ಮೂರನೇ ಮೂಲೆಯಲ್ಲಿ ಎಂ101. ಬೆಂಗಳೂರಿನ ಬೆಳಕು ನಿಮ್ಮ ಬೆನ್ನ ಹಿಂದೆ ಉಳಿಯುತ್ತದೆ, ಅದು ನಿಮ್ಮ ಅದೃಷ್ಟ. ಪಕ್ಕದ ತೋಟದಲ್ಲಿ ಸೇವಂತಿಗೆಗೆ ರಾತ್ರಿ ಬಲ್ಬ್ ಹಾಕಿದ್ದರೆ ಮಾತ್ರ ಬೇರೆ ಜಾಗ ನೋಡಿಕೊಳ್ಳಿ.

25 ಎಂಎಂ ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಹಾಕಿ. ಜಾಸ್ತಿ ದೊಡ್ಡದು ಮಾಡಲು ಹೋದರೆ ಇದ್ದದ್ದೂ ಮಾಯ. ನಾನಂತೂ ತಲೆ ಮೇಲೆ ಟವೆಲ್ ಹೊದ್ದು, ಕಣ್ಣು ಕತ್ತಲಿಗೆ ಹೊಂದುವವರೆಗೆ ಅರ್ಧ ಗಂಟೆ ಸುಮ್ನೆ ಇರುತ್ತೇನೆ. ಆಮೇಲೆ ನೇರ ನೋಡದೆ ಕಡೆಗಣ್ಣಿನಲ್ಲಿ ನೋಡಿ. ಮಂದ ಬೆಳಕು ಹಿಡಿಯುವ ಕೋಶಗಳು ರೆಟಿನಾದ ನಟ್ಟನಡುವೆ ಇಲ್ಲ, ಸುತ್ತ ಇವೆ. ಕೊಳವೆಯನ್ನು ಮೆಲ್ಲಗೆ ತಟ್ಟಿ. ಅಲುಗಾಡಿದ ಕೂಡಲೇ ಬೂದಿ ಬಣ್ಣದ ಮಬ್ಬೊಂದು ಎದ್ದು ಕಾಣುತ್ತದೆ. ಆಕಾಶ ತುಂಬಾ ಚೆನ್ನಾಗಿದ್ದರೆ ತೋಳಿನ ಸುಳಿವೂ ಸಿಕ್ಕೀತು. ಅದರಲ್ಲಿ ಗಂಟುಗಳಂಥ ಚುಕ್ಕೆ ಕಂಡರೆ ಹಿಂದಿನ ಗ್ಯಾಲಕ್ಸಿ ಅಂತ ಕುಣಿಯಬೇಡಿ. ಅವು ಎನ್‌ಜಿಸಿ 5461, 5471 ಥರದ, ನಕ್ಷತ್ರ ಹುಟ್ಟುವ ಅನಿಲದ ಮೋಡಗಳು. ಎಂ101ಕ್ಕೇ ಸೇರಿದವು.

ಹಿಂದಿನವು ನಿಮ್ಮ ದೂರದರ್ಶಕಕ್ಕೂ ಸಿಗಲ್ಲ, ನನ್ನದಕ್ಕೂ ಸಿಗಲ್ಲ. ಎಂ101 ಇರುವುದೇ ಸುಮಾರು 2.1 ಕೋಟಿ ಜ್ಯೋತಿರ್ವರ್ಷ ದೂರ. ಅವು ಅದಕ್ಕಿಂತ ಎಷ್ಟೋ ಪಟ್ಟು ಆಚೆ. ಅದಕ್ಕೆ ಹಬಲ್ ಬಾಹ್ಯಾಕಾಶ ದೂರದರ್ಶಕದ ಫೋಟೋ ಇದೆಯಲ್ಲ. 2006ರಲ್ಲಿ ಬಂದದ್ದು, ಹಬಲ್‌ನ 51 ಚಿತ್ರಗಳನ್ನು ಜೋಡಿಸಿ ಮಾಡಿದ್ದು. ಅದನ್ನು ಹಿಗ್ಗಿಸಿ, ತೋಳುಗಳ ನಡುವಿನ ಸಂದಿ ಮತ್ತು ಹೊರ ಅಂಚು ಹುಡುಕಿ. ಅಲ್ಲಿ ದೂಳು ಕಡಿಮೆ, ಹಿಂದಿನ ಬೆಳಕು ತೂರಿ ಬರುತ್ತದೆ. ನಾಲ್ಕು ಮುಳ್ಳು ಚಾಚಿ ಹೊಳೆಯುವುದು ನಮ್ಮದೇ ಕ್ಷೀರಪಥದ ನಕ್ಷತ್ರ. ಮುಳ್ಳಿಲ್ಲದೆ, ಕೊಂಚ ಕೆಂಪಗೆ, ಮೊಟ್ಟೆಯಾಕಾರದಲ್ಲಿ ಮಸುಕಾಗಿದ್ದರೆ ಅದು ನೀವು ಕೇಳಿದ ಗ್ಯಾಲಕ್ಸಿ.