ಇಡೀ ಮ್ಯೂಸಿಯಂ ಬೇಡ, ಐಹೊಳೆಯ ಕಲ್ಲು ಸಾಕು

ಡೊಂಬಿವಲಿಯ ಓದುಗರೊಬ್ಬರು ಬರೆಯುತ್ತಾರೆ: ‘ರಜೆಯಲ್ಲಿ ಮಕ್ಕಳಿಬ್ಬರನ್ನೂ ಮುಂಬಯಿಯ ಫೋರ್ಟಿನ ಮ್ಯೂಸಿಯಮ್ಮಿಗೆ ಕರೆದೊಯ್ದೆವು. ಒಂದು ಕೋಣೆಯನ್ನೂ ಬಿಡದೆ ತೋರಿಸಿದೆವು. ಮಗಳು ಅರ್ಧದಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಈಗಿನ ಮಕ್ಕಳಿಗೆ ಇದೆಲ್ಲ ಬೇಡವಾಗಿದೆಯೇ?’

ಸಂಪಾದಕರ ಉತ್ತರ:

ಪ್ರಿಯ ಸೋದರಿ,

ಬೇಡವಾಗಿಲ್ಲ. ಒಂದೇ ದಿನಕ್ಕೆ ಅತಿಯಾಯಿತು, ಅಷ್ಟೆ. 1922ರಲ್ಲಿ ಬಾಗಿಲು ತೆರೆದ ಆ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದಲ್ಲಿ ಅಸ್ಸೀರಿಯದ ಅರಮನೆಯ ಉಬ್ಬುಶಿಲ್ಪದಿಂದ ಹಿಡಿದು ಹಕ್ಕಿಪಕ್ಷಿಗಳವರೆಗೆ ಎಲ್ಲವೂ ಇದೆ. ದೊಡ್ಡವರಿಗೇ ಒಂದು ದಿನ ಸಾಲದು.

ಮುಂದಿನ ಸಲ ನೇರ ಶಿಲ್ಪ ವಿಭಾಗಕ್ಕೆ ಹೋಗಿ. ಅಲ್ಲಿ ಐಹೊಳೆಯಿಂದ ಬಂದ ಚಾಲುಕ್ಯರ ಕಾಲದ ಚಪ್ಪಡಿಗಳಿವೆ. ಮುಂಬಯಿಯಲ್ಲಿ ಬೆಳೆಯುವ ಕನ್ನಡದ ಮಗು ಮೊದಲು ನೋಡಬೇಕಾದದ್ದು ಅದನ್ನೇ ಎಂದು ನನ್ನ ಗಟ್ಟಿ ಅಭಿಪ್ರಾಯ. ಇಂದು ಕಣ್ಣೆದುರು ನಿಂತಿರುವ ಆ ಕಲ್ಲುಗಳು ಒಂದು ಕಾಲಕ್ಕೆ ಗುಡಿಯ ಛಾವಣಿಯಲ್ಲಿದ್ದವು. ಜನ ಕತ್ತೆತ್ತಿ ನೋಡುತ್ತಿದ್ದರು. ಇಷ್ಟು ಹೇಳಿ ಸುಮ್ಮನಿರಿ. ಒಂದು ಚಪ್ಪಡಿಯ ಮೇಲಿರುವ ಬ್ರಹ್ಮನ ನಾಲ್ಕು ಮುಖಗಳಲ್ಲಿ ಎಷ್ಟು ಕಾಣುತ್ತವೆ, ಉಳಿದದ್ದು ಎಲ್ಲಿ ಹೋಯಿತು ಎಂದು ಮಗಳೇ ಹುಡುಕಲಿ. ನೆಲದ ಮೇಲೆ ಕೂತರೆ ಕೂರಲಿ, ಕೈಗೊಂದು ಪೆನ್ಸಿಲ್ಲು, ಹಾಳೆ ಕೊಡಿ. ‘ನಮ್ಮ ಕಡೆಯ ಕಲ್ಲು ಇಲ್ಲಿಗೆ ಹೇಗೆ ಬಂತು?’ ಎಂದು ಕೇಳಿಯೇ ಕೇಳುತ್ತಾಳೆ. ಐಹೊಳೆ ಆಗ ವಿಜಾಪುರ ಜಿಲ್ಲೆಯಲ್ಲಿತ್ತು, 1956ರವರೆಗೆ ಆ ಜಿಲ್ಲೆ ಮುಂಬಯಿ ಆಡಳಿತಕ್ಕೆ ಸೇರಿತ್ತು ಎಂದು ಹೇಳಿ. ಬೇಸಿಗೆಯಲ್ಲಿ ಊರಿಗೆ ಹೋದಾಗ ಐಹೊಳೆಗೇ ಕರೆದೊಯ್ಯಿರಿ.

ಚಿಕ್ಕವನಿಗೆ ಬೈಕುಲಾದ ಭಾವು ದಾಜಿ ಲಾಡ್ ಮ್ಯೂಸಿಯಂ ಇನ್ನೂ ಹಿಡಿಸೀತು. 1872ರಷ್ಟು ಹಳೆಯದು. ಮುಂಬಯಿಯ ಕಸುಬುದಾರರ, ನಾನಾ ಸಮುದಾಯಗಳ ಪುಟ್ಟ ಮಣ್ಣಿನ ಬೊಂಬೆಗಳು ಅಲ್ಲಿವೆ. ಹೊರಗೆ ಘಾರಾಪುರಿಯ ಕಲ್ಲಾನೆ ನಿಂತಿದೆ. ಪೋರ್ಚುಗೀಸರು ಆ ದ್ವೀಪಕ್ಕೆ ಎಲಿಫೆಂಟಾ ಎಂದು ಹೆಸರಿಟ್ಟದ್ದು ಇದನ್ನು ನೋಡಿಯೇ. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಬಿದ್ದು ಚೂರಾಯಿತು. 1914ರಲ್ಲಿ ಚೂರುಗಳನ್ನು ಮತ್ತೆ ಜೋಡಿಸಿದರು. ಎಲ್ಲೆಲ್ಲಿ ಜೋಡಿಸಿದ್ದಾರೆ ಎಂದು ಹುಡುಕುವುದಕ್ಕೆ ಬಿಡಿ, ಆ ಹುಡುಗನನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟವಾದೀತು.

ಇನ್ನೊಂದು ವಿನಂತಿ. ಫಲಕಗಳನ್ನು ಓದಿ ಹೇಳಬೇಡಿ, ಮನೆಗೆ ಬಂದಮೇಲೆ ಪ್ರಬಂಧ ಬರೆಸಬೇಡಿ. ಒಂದೂವರೆ ಗಂಟೆ ಸಾಕು. ‘ಇನ್ನೂ ಸ್ವಲ್ಪ ಹೊತ್ತು’ ಎನ್ನುವಾಗಲೇ ಹೊರಡಿ. ಫೋರ್ಟಿನ ಮ್ಯೂಸಿಯಂ ಆವರಣದಲ್ಲೇ 2019ರಿಂದ ಮಕ್ಕಳಿಗಾಗಿ ಬೇರೆ ಸಂಗ್ರಹಾಲಯವೂ ಇದೆ, ಅದಕ್ಕೆ ಇನ್ನೊಂದು ದಿನ ಇಟ್ಟುಕೊಳ್ಳಿ. ಬೈಕುಲಾದ್ದು ಬುಧವಾರ ಮುಚ್ಚಿರುತ್ತದೆ.